ಗಿರಣಿಯ ಸದ್ದು ಬಂದ ಶನಿವಾರ

ನಮ್ಮ ಮನೆಯವರಿಗೆ,

ಇತ್ತ ನಾನು ಕ್ಷೇಮ. ಅತ್ತ ನಿಮ್ಮ ಕ್ಷೇಮ ಕೇಳುವ ಹಾಗಿಲ್ಲ, ನಾಲ್ಕು ತಿಂಗಳ ಹಿಂದೆ ನಾನೇ ಎದುರಿಗೆ ನಿಂತು ನಿಮ್ಮನ್ನು ಕಳಿಸಿಕೊಟ್ಟಿದ್ದೇನೆ. ಬದುಕಿದ್ದಾಗ ನಿಮಗೆ ಒಂದೂ ಕಾಗದ ಬರೆದವಳಲ್ಲ ನಾನು. ಈಗ ಬರೆಯುತ್ತಿರುವುದು ಪ್ರೀತಿ ಉಕ್ಕಿ ಬಂದು ಅಂತ ತಿಳಿಯಬೇಡಿ. ನಿಮ್ಮ ದೋಣಿಯ ಎಂಜಿನ್ನಿನ ಸದ್ದಿನ ಬಗ್ಗೆ ಒಂದು ಮಾತು ಉಳಿದಿದೆ. ಆ ಸದ್ದು ಕೊನೆಗೂ ಬರಲೇ ಇಲ್ಲ ಎಂದುಕೊಂಡು ನೀವು ಸತ್ತಿರಿ. ಹಾಗೆ ಅಂದುಕೊಳ್ಳುವಂತೆ ಮಾಡಿದವಳು ನಾನು.

ಆ ದೋಣಿ ತೋರಿಸಲು ನನ್ನನ್ನು ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜಿನ ಕಾಲುವೆಗೆ ಕರೆದುಕೊಂಡು ಹೋದ ದಿನ ನೆನಪಿದೆಯೇ? ಹೊಸ ಕೋಟು ಹಾಕಿಕೊಂಡು ಬಂದಿದ್ದೆ ನಾನು, ಮರುಳಿ. ರಿಟೈರಾದ ಗಂಡಸರು ಹೆಂಡತಿಯನ್ನು ಕಾಶಿಗೆ ಕರೆದೊಯ್ಯುತ್ತಾರೆ, ಇಲ್ಲವೆ ಸ್ಪೇನಿಗಾದರೂ. ನೀವು ತೋರಿಸಿದ್ದು ರೈಲುಡಬ್ಬಿಯಷ್ಟು ಉದ್ದ, ನಮ್ಮ ಮನೆಯ ಪಡಸಾಲೆಯ ಅರ್ಧದಷ್ಟು ಅಗಲ ಇದ್ದ ಒಂದು ಹಳೆಯ ನ್ಯಾರೋಬೋಟು. ಅದರ ಹೊಟ್ಟೆಯಲ್ಲಿ ಎಂಜಿನ್ ಇರಬೇಕಾದ ಜಾಗ ಖಾಲಿ. ಎಂಜಿನ್ ಬೇರೆ ಎಲ್ಲೋ ಬಿಚ್ಚಿ ಬಿದ್ದಿತ್ತು. ಕ್ವೀನ್ಸ್‌ಬರಿಯ ನಮ್ಮ ಮನೆಯಲ್ಲಿ ಅಡುಗೆಮನೆಯ ನಲ್ಲಿ ಮೂರು ತಿಂಗಳಿಂದ ಸೋರುತ್ತಿತ್ತು, ಅದನ್ನು ಮುಟ್ಟಲು ನಿಮಗೆ ಪುರುಸೊತ್ತಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. "ಒಂದ ಸಿಲಿಂಡರ್ ಐತಿ, ನಮ್ಮ ಗಿರಣಿ ಎಂಜಿನ್ ಇದ್ದಂಗ," ಅಂದಿರಿ. "ಇದರಾಗ ಅಪ್ಪನ ಸಪ್ಪಳ ತಗಸ್ತೀನಿ ನೋಡು."

ನಿಮ್ಮಪ್ಪನ ಗಿರಣಿಗೆ ಜೋಳದ ಬುಟ್ಟಿ ಹೊತ್ತು ಬರುತ್ತಿದ್ದಾಗ ನನಗೆ ಒಂಬತ್ತು ವರ್ಷ ಇರಬೇಕು. ನಮ್ಮ ಗದಗ ಸೀಮೆಯಲ್ಲಿ ಆಗ ಒಂದೊಂದು ಗಿರಣಿಗೂ ಒಂದೊಂದು ಸದ್ದು. ಹೊಗೆ ಬಿಡುವ ಪೈಪಿನ ತುದಿಗೆ ಒಬ್ಬ ಗಡಿಗೆ ಬೋರಲು ಹಾಕಿದರೆ ಇನ್ನೊಬ್ಬ ತಗಡು ಕಟ್ಟುತ್ತಿದ್ದ, ಎಂಜಿನ್ ಚಾಲೂ ಆದದ್ದು ಊರಾಚೆಗೂ ಗೊತ್ತಾಗಲಿ ಅಂತ. ನಿಮ್ಮಪ್ಪ ಎಣ್ಣೆ ಡಬ್ಬಿಯನ್ನು ಓರೆಯಾಗಿ ಕತ್ತರಿಸಿ ಸಿಕ್ಕಿಸಿದ್ದರು. ಕುಪ್, ಕುಪ್, ಕುಪ್, ನಡುವೆ ಆ ಡಬ್ಬಿ ಸಣ್ಣಗೆ ನರಳುವುದು. ಅದು ಕಿವಿಗೆ ಬಿದ್ದರೆ ಅವ್ವ ಕಸಬರಿಗೆ ಬಿಟ್ಟು ಕೂಗುತ್ತಿದ್ದಳು: "ಗಿರಣಿ ಚಾಲೂ ಆತು, ಬುಟ್ಟಿ ತಗೋ ಸುಮಿತ್ರಾ!" ಆಮೇಲೆ ಗಿರಣಿಗೆ ಕರೆಂಟಿನ ಮೋಟಾರು ಬಂತು, ಆ ಸದ್ದು ಸತ್ತಿತು. ಇಡೀ ಲಂಡನ್ನಿನಲ್ಲಿ ಅದನ್ನು ಬಲ್ಲವರು ನಾವಿಬ್ಬರೇ. ನಿಮ್ಮ ಕಿವಿಯೋ, ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೋಹದ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ದುಡಿದು ಅರ್ಧ ಹೋಗಿತ್ತು. ಉಳಿದದ್ದು ನನ್ನ ಕಿವಿ.

ನನ್ನನ್ನು ಕಾಲುವೆಯ ಸೇತುವೆಯ ಮೇಲೆ ನಿಲ್ಲಿಸುತ್ತಿದ್ದಿರಿ. ಹತ್ತಿರದಿಂದ ಕೇಳಿದರೆ ಎಲ್ಲ ಎಂಜಿನ್ನೂ ಒಂದೇ, ದೂರದಿಂದ ಕೇಳಿದರೇ ಗಿರಣಿ ಅನ್ನುವುದು ನಿಮ್ಮ ಶಾಸ್ತ್ರ. ನೀವು ಕೆಳಗೆ ಎಂಜಿನ್ ಚಾಲೂ ಮಾಡಿ, ದೋಣಿಯ ಮೇಲೆ ಬಂದು ನಿಂತು ನನ್ನ ಕಡೆ ಮುಖ ಎತ್ತುವಿರಿ. ಸದ್ದು ಸರಿ ಇದ್ದರೆ ನಾನು ಬುಟ್ಟಿ ಹೊತ್ತವಳ ಹಾಗೆ ಎರಡೂ ಕೈ ತಲೆಯ ಮೇಲೆ ಇಡಬೇಕು. ಇಲ್ಲದಿದ್ದರೆ ಅಂಗೈ ಅಲ್ಲಾಡಿಸಬೇಕು. ಶನಿವಾರ ಶನಿವಾರ, ಚಳಿಯಲ್ಲಿ, ಮೂಗು ಸೋರಿಸಿಕೊಂಡು, ನಾಯಿ ತಿರುಗಾಡಿಸಲು ಬಂದವರ ಎದುರು! ಪೈಪು ಉದ್ದ ಮಾಡಿದಿರಿ, ಗಿಡ್ಡ ಮಾಡಿದಿರಿ, ಸೈಲೆನ್ಸರ್ ಕಿತ್ತಿರಿ. ಆ ಮೊದಲ ವರ್ಷಗಳಲ್ಲಿ ನಾನು ಪ್ರಾಮಾಣಿಕವಾಗಿಯೇ ಅಂಗೈ ಆಡಿಸಿದೆ. ಸದ್ದು ನಿಜವಾಗಿಯೂ ಬಂದಿರಲಿಲ್ಲ.

ಆದರೆ ಅದಕ್ಕೂ ಮೊದಲಿನ ದಿನ ಒಂದಿದೆಯಲ್ಲ, ಕ್ರೇನ್ ಬಂದ ದಿನ. ರಿಪೇರಿಯಾದ ಎಂಜಿನ್ನನ್ನು ದೋಣಿಗೆ ಇಳಿಸುವ ದಿನ. ಬೆಳಿಗ್ಗೆ ಹೊರಡುವಾಗ "ನಿನ್ನ ಫೋನ್ ಯಾಕ, ನಂದು ಐತೆಲ್ಲ," ಅಂದಿರಿ, ಬಿಟ್ಟು ಬಂದೆ. ಒಂಬತ್ತು ಗಂಟೆಗೆ ಊರಿಂದ ನಮ್ಮ ಅಣ್ಣನ ಫೋನ್ ಬಂತು ನಿಮಗೆ. ಅವ್ವ ಇನ್ನು ಉಳಿಯುವ ಹಾಗಿಲ್ಲ, ಸುಮಿತ್ರಾನ ದನಿ ಕೇಳಬೇಕು ಅಂತಿದ್ದಾಳೆ, ಅಂದನಂತೆ. ನೀವು "ಸಂಜೀಕ ಮಾತಾಡಸ್ತೀನಿ" ಅಂದು ಫೋನ್ ಬಂದ್ ಮಾಡಿ ಜೇಬಿಗಿಟ್ಟಿರಿ. ಹತ್ತು ಹೆಜ್ಜೆ ಆಚೆ ನಾನು ಕ್ರೇನಿನವನಿಗೆ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದೆ. ಹತ್ತು ಹೆಜ್ಜೆ ರೀ! ನಾಲ್ಕು ಗಂಟೆಗೆ ಎಂಜಿನ್ ಕೂತಿತು, ನಟ್ಟು ಬಿಗಿಯಿತು, ನೀವು ಅರಿವೆಗೆ ಕೈ ಒರೆಸಿಕೊಳ್ಳುತ್ತಾ ಹೇಳಿದಿರಿ: "ನಿಮ್ಮಣ್ಣನ ಫೋನ್ ಬಂದಿತ್ತು, ಮುಂಜಾನೆ." ನಾನು ಫೋನ್ ಮಾಡಿದಾಗ ಅವ್ವ ಹೋಗಿ ಒಂದು ತಾಸಾಗಿತ್ತು. ಮಧ್ಯಾಹ್ನವೆಲ್ಲ ಅವಳ ಕಿವಿಯ ಹತ್ತಿರ ಫೋನ್ ಹಿಡಿದುಕೊಂಡೇ ಕೂತಿದ್ದರಂತೆ. ಮಣ್ಣಿಗೂ ಹೋಗಿ ಮುಟ್ಟಲಾಗಲಿಲ್ಲ ನನಗೆ. ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರ ಇಷ್ಟೇ: "ಕ್ರೇನ್ ಮತ್ತ ಸಿಗ್ತಿದ್ದಿಲ್ಲ."

ಆ ಮಾತು ನಿಮಗೆ ಮರೆತೇ ಹೋಗಿತ್ತು, ಅಲ್ಲವೇ? ನಾನು ಅಡುಗೆ ಮಾಡಿದೆ, ಡಬ್ಬಿ ಕಟ್ಟಿದೆ, ಶನಿವಾರ ಸೇತುವೆ ಹತ್ತಿದೆ. ಸುಮ್ಮನಿದ್ದಾಳೆ ಅಂದರೆ ಮರೆತಿದ್ದಾಳೆ ಅಂತ ಲೆಕ್ಕ ಹಾಕುವ ಜಾತಿ ನೀವು ಗಂಡಸರು.

ಐದನೆಯ ವರ್ಷದ ಒಂದು ಶನಿವಾರ, ಎಲೆ ಉದುರುವ ಕಾಲ. ನೀವು ಪೈಪಿಗೆ ಒಂದು ಹಳೆಯ ಎಣ್ಣೆ ಡಬ್ಬಿ ಓರೆಯಾಗಿ ಕತ್ತರಿಸಿ ಸಿಕ್ಕಿಸಿದ್ದಿರಿ. ಎಂಜಿನ್ ಎರಡು ಸಲ ಕೆಮ್ಮಿತು, ಆಮೇಲೆ ನಿಧಾನಕ್ಕೆ ಹಿಡಿಯಿತು. ಕುಪ್, ಕುಪ್, ಕುಪ್... ನಡುವೆ ಆ ನರಳಿಕೆ. ಸೇತುವೆಯ ಕಟ್ಟೆ ಹಿಡಿದುಕೊಂಡೆ. ಬಿಸಿ ಜೋಳದ ಹಿಟ್ಟಿನ ವಾಸನೆ ಮೂಗಿಗೆ ಬಂತು, ಅದರ ಹಿಂದೆಯೇ ಅವ್ವನ ದನಿ, ಬುಟ್ಟಿ ತಗೋ ಸುಮಿತ್ರಾ ಅಂತ, ನಾನು ಎಷ್ಟು ನೆನೆಸಿಕೊಂಡರೂ ಅಲ್ಲಿಯವರೆಗೆ ಸಿಗದಿದ್ದ ದನಿ. ನೀವು ದೋಣಿಯ ಮೇಲೆ ಬಂದು ಮುಖ ಎತ್ತಿದಿರಿ. ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನ ಮುಖ. ಆ ಮುಖ ನೋಡಿದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. ನನ್ನ ಅವ್ವನಿಗೆ ನನ್ನ ದನಿ ಕೊಡದವನಿಗೆ ಅವನ ಅಪ್ಪನ ಸದ್ದನ್ನು ನಾನು ಯಾಕೆ ಕೊಡಲಿ? ಅಂಗೈ ಅಲ್ಲಾಡಿಸಿದೆ. ನೀವು ತಲೆ ತಗ್ಗಿಸಿ ಒಳಗೆ ಹೋದಿರಿ. ಸುಳ್ಳು ಯಾಕೆ, ನನಗೆ ಸಂತೋಷವಾಯಿತು.

ಆಮೇಲಿನ ಆರು ವರ್ಷ ನಾನು ಆ ಸಂತೋಷದ ಮೇಲೇ ಬದುಕಿದೆ. ನೀವು ಆ ಡಬ್ಬಿ ತೆಗೆದು ಬೇರೆ ಹಾಕುವಿರಿ, ಸದ್ದು ಕೆಡುವುದು, ಮತ್ತೆ ಅದಕ್ಕೇ ಬರುವಿರಿ, ಸದ್ದು ಬರುವುದು. ನಾನು ಎರಡಕ್ಕೂ ಅಂಗೈ. "ಎಲ್ಲಿ ತಪ್ಪೇತಿ ಹೇಳ, ದಪ್ಪ ಐತೋ ತೆಳ್ಳಗ ಐತೋ?" ಅಂತ ಅಂಗಲಾಚುತ್ತಿದ್ದಿರಿ. ಒಂದು ವಾರ ದಪ್ಪ ಅನ್ನುತ್ತಿದ್ದೆ, ಇನ್ನೊಂದು ವಾರ ತೆಳ್ಳಗೆ. ನಿಮ್ಮ ಕೈ ನಡುಗತೊಡಗಿತು, ಕಿವಿ ಪೂರಾ ಹೋಯಿತು. ಕೊನೆಗೆ ಅದೇ ಪೈಪು, ಅದೇ ಡಬ್ಬಿ ಹಾಕಿ ಕೈಬಿಟ್ಟಿರಿ.

ಆಸ್ಪತ್ರೆಯಲ್ಲಿ ನರ್ಸ್ ನಿಮಗೆ ಒಂದು ಬಿಳಿ ಹಲಗೆ ಕೊಟ್ಟಿದ್ದಳು, ನಾವು ಬರೆದು ತೋರಿಸಲಿ ಅಂತ. ಕೊನೆಯ ವಾರ ನೀವೇ ಅದನ್ನು ಎಳೆದುಕೊಂಡು, ಬಾಯಿ ಇದ್ದರೂ, ಸೊಟ್ಟ ಅಕ್ಷರದಲ್ಲಿ ಬರೆದಿರಿ: ಒಮ್ಮೆಯಾದರೂ ಬಂದಿತ್ತೇನು? ಒರೆಸಿ, ಬಂದಿತ್ತು ಅಂತ ಬರೆಯಲು ಎಷ್ಟು ಹೊತ್ತು? ನಾನು "ಇಲ್ಲ" ಅಂತ ಬರೆದೆ. ನೀವು ಅದನ್ನು ಓದಿ, ನನ್ನ ಕೈ ತಟ್ಟಿ, ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಅಂದಿರಿ: "ನೀ ಒಬ್ಬಾಕಿ ನನಗ ಸುಳ್ಳ ಹೇಳಾಂಗಿಲ್ಲ."

ಅವತ್ತು ನಾನು ಕಾರಿಡಾರಿಗೆ ಹೋಗಿ ಗೋಡೆಗೆ ಒರಗಿ ನಿಂತೆ. ಈ ಸಲ ಸಂತೋಷವಾಗಲಿಲ್ಲ. ವಾಪಸು ಬಂದು ಹೇಳಬಹುದಿತ್ತು. ಇನ್ನೂ ಐದು ದಿನ ಇದ್ದಿರಿ ನೀವು...

ಹೋದ ಶನಿವಾರ ಟೆರಿ ಕರೆದಿದ್ದ. ನಿಮ್ಮ ಪಕ್ಕದ ದೋಣಿಯವನು, ಈಗ ನಿಮ್ಮ ದೋಣಿಯೂ ಅವನದೇ. ವೆಂಬ್ಲಿ ಪಾರ್ಕಿನಲ್ಲಿ ಟ್ಯೂಬ್ ರೈಲು ಬದಲಿಸಿ ಒಬ್ಬಳೇ ಹೋದೆ. ಎಂಜಿನ್ ಚಾಲೂ ಮಾಡಿದ. ಅದೇ ಸದ್ದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಅವ್ವ ಮತ್ತೆ ಕೂಗಿದಳು. ಟೆರಿ ಹೇಳಿದ: ಈ ದಂಡೆಯಲ್ಲಿ ನಾವೆಲ್ಲ ಇದೇ ಸರಿ, ಇದಕ್ಕಿಂತ ಚೆಂದದ ಸದ್ದು ಕೇಳಿಲ್ಲ ಅಂತ ಎಷ್ಟೋ ಸಲ ಬರೆದು ತೋರಿಸಿದೆವು, ನಿಮ್ಮ ಗಂಡ ಒಪ್ಪಲಿಲ್ಲ, "ನನ್ನ ಹೆಂಡತಿ ಒಪ್ಪಬೇಕು, ಅವಳ ಕಿವಿಗೆ ಮಾತ್ರ ಗೊತ್ತು," ಅನ್ನುತ್ತಿದ್ದ. "ಈಗ ನೀವು ಹೇಳಿ, ಏನು ಕಡಿಮೆ ಇದೆ? ಅವನ ಕೆಲಸ ನಾನು ಮುಗಿಸುತ್ತೇನೆ," ಅಂದ ನನಗೆ.

ಏನೂ ಕಡಿಮೆ ಇಲ್ಲ ಅನ್ನಬೇಕಿತ್ತು. ಅಂದರೆ ಆರು ವರ್ಷದ ಸುಳ್ಳು ಆ ಮನುಷ್ಯನ ಎದುರು ಬಿಚ್ಚಿಕೊಳ್ಳುತ್ತಿತ್ತು. ನಿಮ್ಮ ಎದುರು ಆಗದ ನಾಚಿಕೆ ಒಬ್ಬ ಪರಕೀಯನ ಎದುರು ಆಯಿತು ನೋಡಿ ನನಗೆ. "ಪೈಪ್ ಸ್ವಲ್ಪ ಉದ್ದ ಆಯಿತು," ಅಂದೆ. ಅವನು ಡಬ್ಬಿ ಕಿತ್ತು ದಂಡೆಗೆ ಎಸೆದ, ಗ್ರೈಂಡರ್ ಹಚ್ಚಿ ಪೈಪನ್ನು ಗೇಣುದ್ದ ಕೊಯ್ದ. ಕಿಡಿ ಹಾರುವುದನ್ನು ನೋಡುತ್ತಾ ನಿಂತಿದ್ದೆ. ಮತ್ತೆ ಚಾಲೂ ಮಾಡಿದ. ಈ ಕಾಲುವೆಯ ಯಾವ ದೋಣಿಯಾದರೂ ಮಾಡುವ ಸದ್ದು ಅದು. ಟೆರಿ ನನ್ನ ಮುಖ ನೋಡಿದ. ಅದೇ ಮುಖ ರೀ, ಫಲಿತಾಂಶಕ್ಕೆ ಕಾದ ಮುಖ.

"ಬಂತು," ಅಂದೆ, ಇಂಗ್ಲಿಷಿನಲ್ಲಿ. ಅವನು ಕಣ್ಣೊರೆಸಿಕೊಂಡ.

ನೀವು ಹನ್ನೊಂದು ವರ್ಷ ಕಾದ ಮಾತನ್ನು ಕೊನೆಗೂ ಆಡಿದೆ, ತಪ್ಪು ಸದ್ದಿಗೆ, ಬೇರೆಯವನಿಗೆ. ನಿಮ್ಮ ಕ್ಷಮೆ ಕೇಳುತ್ತಿಲ್ಲ. ಕ್ರೇನಿನ ದಿನಕ್ಕೆ ನೀವೂ ಕ್ಷಮೆ ಕೇಳಲಿಲ್ಲ. ಇನ್ನೂ ಒಂದು ಸುದ್ದಿ ಇದೆ, ಅದು ಟ್ಯೂಬಿನಲ್ಲಿ ಕೂತ ಮೇಲೆ ನನಗೇ ಹೊಳೆದದ್ದು. ಆ ಗೇಣುದ್ದ ಪೈಪಿನ ಜೊತೆ ಹೋದದ್ದು ನಿಮ್ಮಪ್ಪನ ಗಿರಣಿಯ ಸದ್ದು ಮಾತ್ರ ಅಂದುಕೊಂಡಿದ್ದೆ. ಅವ್ವನ ದನಿಯನ್ನೂ ಕೊಯ್ಯಿಸಿ ಬಂದಿದ್ದೇನೆ ರೀ, ನಾನೇ ನಿಂತು, ನನ್ನ ಬಾಯಾರೆ ಹೇಳಿ.

ಸುಮಿತ್ರಾ