ಒಂದು ಹನಿ ಆಸಿಡ್

ಮುದ್ದು ಅಮ್ಮಾ,

ನಾನು ತುಂಬಾ ತುಂಬಾ ಖುಷಿಯಾಗಿದ್ದೇನೆ! ನಿನ್ನ ಅಳಿಯ ಲ್ಯಾಬಿನಲ್ಲಿ ಮಂಜುಗಡ್ಡೆಯನ್ನು ಭಾರೀ ಒತ್ತಡದಲ್ಲಿ ಹಿಂಡುತ್ತಾರೆ, ಗೊತ್ತಾ? ಮಾಮೂಲಿ ಮಂಜುಗಡ್ಡೆಯಲ್ಲಿ ಹೈಡ್ರೋಜನ್ ಪರಮಾಣುಗಳು ಮನಸ್ಸು ಬಂದ ಕಡೆ ಮುಖ ಮಾಡಿರುತ್ತವಂತೆ, ಥೇಟ್ ನನ್ನ ಹಾಗೆ!

"ಎಷ್ಟೇ ಒತ್ತಿ ತಣ್ಣಗೆ ಮಾಡಿದ್ರೂ ಸಾಲಿಗೆ ಬರಲ್ಲ ಕಣೇ. ಒಂದು ಹನಿ ಆಸಿಡ್ ಬಿದ್ರೆ ಸಾಕು, ತೆಪ್ಪಗೆ ನಿಲ್ತವೆ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮನೆಯಲ್ಲಿ ಚಪ್ಪಲಿ, ಕಪ್‌ಗಳ ಹಿಡಿ, ನನ್ನ ಬಾಚಣಿಗೆ, ಎಲ್ಲವೂ ಒಂದೇ ದಿಕ್ಕಿಗಿರಬೇಕು. ನಿನ್ನೆ ನಾನು ಒಂದು ಕಪ್ ತಿರುಗಿಸಿಟ್ಟೆ. ಇವತ್ತು ಬಚ್ಚಲಲ್ಲಿ ಲ್ಯಾಬಿನ ಪುಟ್ಟ ಸೀಸೆ ಬಂದು ಕೂತಿದೆ.

ಫೋನ್ ಮಾಡಬೇಡ, ಅವರೇ ಎತ್ತುತ್ತಾರೆ. ನಿನಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ಅಣ್ಣ ನನ್ನನ್ನು ಕರೆದೊಯ್ಯಲಿ. ಕಾಗದ ಸಿಕ್ಕ ಕೂಡಲೇ.

ನಿನ್ನ ಬಾಯಿಬಡುಕಿ