ಕೈ ಜೇಬಿಗೆ ಹಾಕು

ಅಂಗಡಿಯಿಂದ,
ಗುರುವಾರ, ಮಧ್ಯಾಹ್ನ

ಮೂಗಿನ ತುದಿಯಲ್ಲಿ ಸಿಟ್ಟಿಟ್ಟುಕೊಂಡವಳಿಗೆ, ಆ ಮೂಗನ್ನು ಮೂರು ವಾರದಿಂದ ನೋಡದವನ ನಮಸ್ಕಾರ.

ನಾನು ಕ್ಷೇಮ. ಊಟ, ನಿದ್ದೆ ಸಾಂಗವಾಗಿ ನಡೆದಿವೆ. ನಿನ್ನ ನೆನಪು ಬರುವುದೇ ಇಲ್ಲ. ಬಂದರೂ ಊಟಕ್ಕೆ ಮುಂಚೆ, ಊಟ ಆದಮೇಲೆ ಮತ್ತು ಊಟ ಮಾಡುವಾಗ ಮಾತ್ರ. ನಿನ್ನ ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಅವರ ನಾಯಿಗೂ ಹೇಳು, ದೂರದಿಂದಲೇ. ಹೋದ ವರ್ಷ ಅದು ನನ್ನ ಪ್ಯಾಂಟಿನ ಮೇಲೆ ತೋರಿದ ಆಸಕ್ತಿಯನ್ನು ನಾನಿನ್ನೂ ಮರೆತಿಲ್ಲ.

ಹೊರಟ ದಿನ ನೀನು ಬಾಗಿಲಲ್ಲಿ ನಿಂತು, "ನಿಮ್ಮ ಕಣ್ಣಿಗೆ ಗಿರಾಕಿ ಅಂದ್ರೆ ಕಳ್ಳ, ಹೆಂಡ್ತಿ ಅಂದ್ರೆ ಕಾವಲುಗಾರ್ತಿ. ನನಗೆ ಈ ಕೆಲಸ ಬೇಡ" ಅಂದೆ. ಆಗ ನನಗೆ ಕೇಳಿಸಿದ್ದು ಅದರೊಳಗಿನ ಪ್ರಾಸ ಮಾತ್ರ. ಅದನ್ನು ಬಾಯಿಬಿಟ್ಟು ಹೊಗಳಿದ್ದು ದೊಡ್ಡ ತಪ್ಪಾಯಿತು.

ತಪ್ಪು ಅಲ್ಲಿಗೇ ಶುರುವಾದದ್ದಲ್ಲ, ಬಿಡು. ಊರಿಗೆಲ್ಲ ಪಿಂಗಾಣಿ ಕಪ್ಪು ಮಾರುವವನ ಮನೆಯಲ್ಲಿ ಹದಿನೆಂಟು ವರ್ಷದಿಂದ ಸ್ಟೀಲ್ ಲೋಟ. ಮದುವೆಗೆ ನಿನ್ನ ಅಕ್ಕ ಕೊಟ್ಟ ನೀಲಿ ಕಪ್ಪಿನ ಜೋಡಿ ಬೀರುವಿನಲ್ಲಿ, ಬೀಗದ ಕೈ ನನ್ನ ಸೊಂಟದಲ್ಲಿ. ಆ ಅಕ್ಕನೇ ಮನೆಗೆ ಬಂದ ದಿನ ನೀನು ಬೀಗದ ಕೈ ಕೇಳಿದರೆ, ನಾನು ಲೋಟ ಇದೆಯಲ್ಲ ಎಂದೆ. ಸಾಲದ್ದಕ್ಕೆ ಅಡುಗೆಮನೆಯ ಗೋಡೆಗೆ 'ಸ್ಟೀಲೇ ಲೇಸು, ಪಿಂಗಾಣಿ ಬರೀ ಸೊಗಸು' ಎಂದು ಬರೆದು ಅಂಟಿಸಿದೆ.

ಅಂಗಡಿಯ ಬೋರ್ಡುಗಳಂತೂ ನಿನಗೆ ಬಾಯಿಪಾಠ. 'ಕಣ್ಣಲ್ಲಿ ನೋಡಿದರೆ ಸಾಕು, ಕೈ ಜೇಬಿಗೆ ಹಾಕು.' 'ಜಾರಿದರೆ ಚೂರು, ಆಮೇಲೆ ತಕರಾರು.' ನಾಲ್ಕು ಕುರ್ಚಿ ಹಾಕೋಣ, ಟೀ ಕೊಡೋಣ, ಜನ ಕಪ್ಪು ಹಿಡಿದು ಕುಡಿದು ನೋಡಲಿ ಎಂದು ನೀನು ಹೇಳುತ್ತಲೇ ಇದ್ದೆ. ನಾನೋ, ನೀನು ಹೋದ ಮಾರನೇ ದಿನವೇ ಎಲ್ಲ ಕಪ್ಪುಗಳ ಹಿಡಿಯೊಳಗೆ ದಾರ ಪೋಣಿಸಿ, ಯಾರಾದರೂ ಮುಟ್ಟಿದರೆ ಗೊತ್ತಾಗಲೆಂದು ತುದಿಗೊಂದು ಗಂಟೆ ಕಟ್ಟಿದೆ. ಕಾವಲುಗಾರ್ತಿ ಹೋದಮೇಲೆ ಬದಲಿ ಏರ್ಪಾಡು ಬೇಡವೇ?

ಸೋಮವಾರ ಒಬ್ಬ ಅಜ್ಜಿ ಬಂದರು. "ನಮ್ಮನೆಯವರ ಕೈ ನಡುಗುತ್ತೆ ಕಣಪ್ಪಾ. ನಾಲ್ಕು ಬೆರಳೂ ಹಿಡಿಯೊಳಗೆ ಕೂರ್ಬೇಕು. ಎತ್ತಿ ನೋಡ್ಲಾ?" ಅಂದರು. ನಾನು 'ಕೈ ಜೇಬಿಗೆ ಹಾಕು' ಬೋರ್ಡು ತೋರಿಸಿದೆ.

"ಕನ್ನಡಕ ತಂದಿಲ್ಲ. ನೀನೇ ಓದು."

ಓದಿದೆ. ಬರೆದು ಹನ್ನೆರಡು ವರ್ಷವಾದರೂ ಅದನ್ನು ಒಬ್ಬರ ಮುಖ ನೋಡಿ ಓದಿದ್ದು ಅದೇ ಮೊದಲು. ನಾಲಿಗೆ ತಡವರಿಸಿತು. ಅಜ್ಜಿ ಪಾಪ, ಮೊದಲು ತಮ್ಮ ಸೀರೆಯಲ್ಲಿ ಜೇಬು ಹುಡುಕಿದರು. ಆಮೇಲೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೈಸಿಕೊಂಡ ಶಾಲೆ ಮಗುವಿನ ಹಾಗೆ ನಿಂತರು.

ನನಗೆ ತಡೆಯಲಾಗಲಿಲ್ಲ. "ಅಯ್ಯೋ, ಹಿಡಿದು ನೋಡಿ ಅಜ್ಜಿ" ಎಂದು ದಪ್ಪ ಹಿಡಿಯ ಕಪ್ಪೊಂದನ್ನು ಸರಕ್ಕನೆ ಎತ್ತಿದೆ. ದಾರ ಮರೆತೇಹೋಗಿತ್ತು. ಇಡೀ ಸಾಲೇ ಅದರ ಹಿಂದೆ ದಿಬ್ಬಣ ಹೊರಟಿತು. ಹನ್ನೊಂದು ಕಪ್ಪು ಬಿದ್ದು ಚೂರಾದಮೇಲೆ ಗಂಟೆ ಟಿಣ್ ಎಂದಿತು.

ಅಜ್ಜಿ ಬಗ್ಗಿ ಚೂರುಗಳನ್ನು ನೋಡಿ, "ನಿನಗಿಂತ ನಮ್ಮನೆಯವರ ಕೈಯೇ ವಾಸಿ ಕಣಪ್ಪಾ" ಅಂದರು.

ಹನ್ನೆರಡು ವರ್ಷದಲ್ಲಿ ಗಿರಾಕಿಗಳೆಲ್ಲ ಸೇರಿ ಒಡೆದದ್ದು ಮೂರು ಕಪ್ಪು. ಯಾರಿಗೆ ಹೆದರಬೇಕಿತ್ತೆಂದು ಆಗ ತಿಳಿಯಿತು. ಚೂರು ಗುಡಿಸಿ, ಅಜ್ಜಿಯನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಕೈಯಲ್ಲುಳಿದ ಆ ಕಪ್ಪಿನಲ್ಲೇ ಟೀ ಕೊಟ್ಟೆ. ಅವರು ನಾಲ್ಕು ಬೆರಳು ತೂರಿಸಿ, ಬೇಕೆಂದೇ ಕೈ ನಡುಗಿಸಿ ನೋಡಿ, ಒಂದು ತೊಟ್ಟೂ ಚೆಲ್ಲದೆ ಕುಡಿದರು. ಅದನ್ನೇ ಕೊಂಡರು. ನಿನ್ನೆ ತಾತನನ್ನೂ ಕರೆತಂದಿದ್ದರು. ಅವರು ಕಪ್ಪು ಹಿಡಿದು, "ನಿನ್ನ ಮನೆಯವಳೆಲ್ಲಪ್ಪಾ?" ಎಂದು ಕೇಳಿದರು. ನಾನು ಎಲ್ಲ ಹೇಳಿಬಿಟ್ಟೆ.

ಈಗ ಅಂಗಡಿಯಲ್ಲಿ ನಾಲ್ಕು ಕುರ್ಚಿಗಳಿವೆ. ಬೋರ್ಡುಗಳೆಲ್ಲ ಕಟ್ಟಿಗೆಯ ಜೊತೆ ಒಲೆಗೆ ಹೋದವು. ಹೊಸ ಬೋರ್ಡಿಗೆ ಪ್ರಾಸ ಹೊಳೆಯದೆ 'ಬನ್ನಿ' ಎಂದಷ್ಟೇ ಬರೆದಿದ್ದೇನೆ. ಆ ಮಾತು ಗಿರಾಕಿಗಳಿಗೆ ಮಾತ್ರ ಎಂದು ನೀನು ತಿಳಿಯಬೇಕಿಲ್ಲ.

ಇತಿ,
ನಿನ್ನ ಕಪ್ಪಿನವನು

ತಾ.ಕ.: 'ಅಂಗಡಿಯಿಂದ' ಎಂದು ಮೇಲೆ ಬರೆದದ್ದು ಸುಳ್ಳು. ನಿನ್ನ ಅಕ್ಕನ ಮನೆಯ ಎದುರು ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ನೀಲಿ ಕಪ್ಪಿನ ಜೋಡಿ ಇದೆ, ಅಕ್ಕನಿಗೊಂದು, ನಿನಗೊಂದು. ನನಗೆ ಲೋಟವೇ ಸಾಕು. ಗೇಟಿನ ಮೇಲೆ 'ನಾಯಿ ಇದೆ, ಎಚ್ಚರಿಕೆ' ಎಂಬ ಬೋರ್ಡು. ಪ್ರಾಸವಿಲ್ಲ, ಆದರೂ ಒಂದು ಗಂಟೆಯಿಂದ ನನ್ನನ್ನು ಇಲ್ಲೇ ಕೂರಿಸಿದೆ. ನನ್ನ ಗಿರಾಕಿಗಳ ಪಾಡು ಈಗ ಅರ್ಥವಾಯಿತು. ಈ ಕಾಗದವನ್ನು ಗೇಟಿನ ಡಬ್ಬಿಗೆ ಹಾಕಿ, ಕಪ್ಪುಗಳನ್ನು ತಲೆಗಿಂತ ಮೇಲೆ ಹಿಡಿದು ಒಳಗೆ ಬರುತ್ತಿದ್ದೇನೆ. ಬೊಗಳುವುದು ಕೇಳಿಸಿದರೆ ಮೊದಲು ಕಪ್ಪು ಇಸಕೊ, ಪ್ಯಾಂಟಿನ ವಿಷಯ ಆಮೇಲೆ ನೋಡೋಣ.