ಅಳಿಸುತ್ತೇವೆಂದು ಹೇಳಿದ ದನಿ

ದೇವಣಗಾಂವ
೩೦-೮-೨೦೦೧

ಆಲಮಟ್ಟಿಯ ನನ್ನ ಜಯಕ್ಕನಿಗೆ, ತಂಗಿ ಸುವರ್ಣಾಳ ನಮಸ್ಕಾರಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಹಬ್ಬಕ್ಕೆ ಊರವರೆಲ್ಲ ಕುಬಸ ಹೊಲಿಯಲು ತಂದು ಹಾಕಿದ್ದರು. ಅಪ್ಪ ಅವ್ವ ಆರಾಮ ಇದ್ದಾರೆ. ಎಮ್ಮೆ ಈದಿದೆ, ಹೆಣ್ಣು ಕರು. ಭಾವನವರ ಮೊಣಕಾಲು ಹೇಗಿದೆ, ಬರೆ.

ನನ್ನ ಹೊಟ್ಟೆ ಮಾತ್ರ ಉರಿಯುತ್ತಿದೆ ಅಕ್ಕ. ಯಾಕೆಂದು ಹೇಳುತ್ತೇನೆ.

ಬೇಸಿಗೆಯಲ್ಲಿ ನಾನು ವಿಜಾಪುರಕ್ಕೆ ಹೋಗಿ ಹಾಡಿ ಬಂದೆ. ಕ್ಯಾಸೆಟ್ ಮಾಡುವ ಅನೀಲಕುಮಾರ ನಮ್ಮೂರ ಮದುವೆಯಲ್ಲಿ ಹೆಣ್ಣುಮಕ್ಕಳ ಗುಂಪಿನೊಳಗೆ ಕುಳಿತು ನಾನು ಹಾಡಿದ್ದು ಕೇಳಿ ಅಪ್ಪನನ್ನು ಒಪ್ಪಿಸಿದ್ದ. “ನೀ ಬರೇ ಟ್ರ್ಯಾಕ್ ಹಾಡವ್ವ. ವಾದ್ಯದವರಿಗೆ ದಾರಿ ಗೊತ್ತಾಗಲಿ ಅಂತ. ಆಮ್ಯಾಲೆ ಸಾರಿಕಾ ಮೇಡಂ ಬಂದು ಹಾಡ್ತಾರ, ನಿಂದು ಅಳಿಸಿ ಹೋಗ್ತೈತಿ” ಅಂದ. ಪಾಪ್ ಹಾಡಂತೆ. ಅಳಿಸಿ ಹೋಗುತ್ತದೆ ಅಂದದ್ದಕ್ಕೇ ನನಗೆ ಧೈರ್ಯ ಬಂತು. ಕುಬಸಕ್ಕೆ ಮೊದಲು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಆ ದಾರ ಎಳೆದು ತೆಗೆಯುತ್ತೇವಲ್ಲ, ಹಾಗೆ ಅಂದುಕೊಂಡೆ. ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿದ್ದರು. ನಾನು ನಾಚಿಕೆಗೆ ಗೋಡೆಯ ಕಡೆ ಮುಖ ಮಾಡಿ ಎಲ್ಲ ಹಾಡು ಹಾಡಿದೆ. ಉಳಿಯದ ಹಾಡಿನ ಸುದ್ದಿ ಯಾಕೆಂದು ನಿನಗೂ ಬರೆಯಲಿಲ್ಲ.

ಮೊನ್ನೆ ಭಾನುವಾರ ಪಕ್ಕದ ಮನೆಯ ಹುಚ್ಚವ್ವ ಸಿಂದಗಿಗೆ ಕರೆದುಕೊಂಡು ಹೋದಳು. ಗಣಪತಿಯ ಮುಂದೆ ಹೊತ್ತು ಮುಳುಗುವ ಮೊದಲೇ ಸಾರಿಕಾಳ ಕಾರ್ಯಕ್ರಮ ಇತ್ತು. ಮೊದಲ ಹಾಡು ಶುರುವಾದಾಗ ನಾನೂ ಎಲ್ಲರ ಹಾಗೆ ತಲೆದೂಗಿದೆ. ನಮ್ಮ ದನಿ ಹೊರಗಿನಿಂದ ಬಂದರೆ ನಮಗೇ ಬೇಗ ಗುರುತು ಹತ್ತುವುದಿಲ್ಲ. ಎರಡನೆಯ ಹಾಡಿಗೆ ಗುರುತು ಹತ್ತಿತು. ಪೆಂಡಾಲಿನ ದೊಡ್ಡ ಸ್ಪೀಕರಿನಿಂದ ಬರುತ್ತಿದ್ದವಳು ನಾನು. ಸಾರಿಕಾ ಜರಿ ಸೀರೆ ಉಟ್ಟು ತುಟಿ ಆಡಿಸುತ್ತಿದ್ದಳು.

ಅಷ್ಟರಲ್ಲಿ ಕರೆಂಟು ಹೋಗಿ ಟೇಪು ನಿಂತಿತು. ತುಟಿ ಮಾತ್ರ ಇನ್ನೂ ಎರಡು ಮಾತು ಮುಂದೆ ಹೋಯಿತು. ಜನರೇಟರ್ ಹಚ್ಚಿದ ಮೇಲೆ ಮಂದಿ ಬಿಡಲಿಲ್ಲ, “ಟೇಪು ಸಾಕು, ಬಾಯಿಲೆ ಹಾಡ್ರಿ” ಅಂದರು. ಹಾಡಿದಳು. ದಪ್ಪ ದನಿ, ಮೇಲಿನ ಸ್ವರಕ್ಕೆ ಏರಲಿಲ್ಲ. ಹುಚ್ಚವ್ವ, “ಕ್ಯಾಸೆಟ್‌ನ್ಯಾಗ ಸಕ್ಕರಿ, ಇಲ್ಲಿ ನೋಡಿದ್ರ ಬೆಲ್ಲದ ಗಸಿ” ಅಂದಳು. ಹಿಂದಿನಿಂದ ಒಬ್ಬ, “ಅಕ್ಕಾರ, ದನಿ ಮನ್ಯಾಗ ಬಿಟ್ಟು ಬಂದೀರೇನ್ರಿ?” ಅಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ದಪ್ಪ ದನಿ ಇರುವುದು ತಪ್ಪಲ್ಲ. ಅದನ್ನೇ ಕ್ಯಾಸೆಟ್ಟಿನಲ್ಲೂ ಹಾಡಿದ್ದರೆ ನಾನು ಮೊದಲು ಚಪ್ಪಾಳೆ ತಟ್ಟುತ್ತಿದ್ದೆ.

ನಾಲ್ಕು ಮಂದಿಯ ಮುಂದೆ ಬಾಯಿ ಬಿಡದ ನಾನು ಸ್ಟೇಜಿನ ಹಿಂದೆ ಹೋಗಿ ಅನೀಲಕುಮಾರನನ್ನು ಕೇಳಿದೆ, “ನನ್ನ ದನಿ ಅಳಿಸ್ತೀನಿ ಅಂದಿದ್ರಲ್ರಿ?”

“ಮೇಡಂಗ ಹಾಡಾಕ ಟೈಮ್ ಸಿಗಲಿಲ್ಲವ್ವ. ನಿಂದು ಚಲೋ ಇತ್ತು, ಇಟ್ಕೊಂಡ್ವಿ.”

“ಹಂಗಾರ ನನ್ನ ಹೆಸರು ಹಾಕ್ರಿ.”

“ದೇವಣಗಾಂವದ ಸುವರ್ಣಾ ಅಂದ್ರ ಕ್ಯಾಸೆಟ್ ಯಾರು ತಗೋತಾರ? ಒಂದ ಕೆಲಸ ಮಾಡು. ಮುಂದಿನ ವಾರ ಮುದ್ದೇಬಿಹಾಳದಾಗ ಕಾರ್ಯಕ್ರಮ ಐತಿ. ಪರದೆ ಹಿಂದ ಕುಂತು ಹಾಡು. ನಿನಗೂ ಮಂದಿ ಮುಂದ ನಿಂದರಾಕ ನಾಚಿಕಿ, ಅಕಿಗೂ ಅನುಕೂಲ.”

ನನಗೆ ಉಪಕಾರ ಮಾಡುವವನ ಹಾಗೆ ಹೇಳಿದ ಅಕ್ಕ. ನಾಚಿಕೆ ನನ್ನದು, ನಾನು ಹೇಗೋ ಸಂಭಾಳಿಸುತ್ತೇನೆ. ಅದನ್ನೇ ಪರದೆ ಮಾಡಿ ನನ್ನ ಮುಂದೆ ಕಟ್ಟಲು ಇವನು ಯಾರು? “ನಾ ಬರೂದಿಲ್ರಿ. ಇನ್ನ ಹೆಸರಿಲ್ಲದ ಹಾಡೂ ಹಾಡೂದಿಲ್ಲ” ಅಂದೆ. ಕುರ್ಚಿಯಲ್ಲಿ ಕುಳಿತಿದ್ದ ಸಾರಿಕಾ ನನ್ನನ್ನು ನೋಡಿದಳು, ಆಮೇಲೆ ತನ್ನ ಬಳೆಗಳನ್ನು ನೋಡಿಕೊಂಡಳು.

ಮನೆಗೆ ಬಂದು ಹೇಳಿದರೆ ಅಪ್ಪ, “ಹೆಸರು ಬರಲಿಲ್ಲ, ಚಲೋ ಆತು. ನಾಳಿ ನಿನ್ನ ನೋಡಾಕ ಬಂದವರು ಏನಂದಾರು?” ಅಂದ. ಕದ್ದವನನ್ನು ಬಿಟ್ಟು, ಕಳಕೊಂಡವಳಿಗೆ ಸುಮ್ಮನಿರು ಅನ್ನುವುದು ಯಾವ ನ್ಯಾಯ? ನಾನು ಸುಮ್ಮನಿರುವವಳಲ್ಲ. ಬರುವ ಸೋಮವಾರ ಬಸವನ ಬಾಗೇವಾಡಿಯಲ್ಲಿ ನನ್ನ ಗೆಳತಿ ಸಗೀರಾ ಕಲಿಸುವ ಸಾಲಿಯಲ್ಲಿ ಮಕ್ಕಳ ಮುಂದೆ ಹಾಡಲು ಒಪ್ಪಿಕೊಂಡಿದ್ದೇನೆ. ಮೈಕ್ ಇಲ್ಲ, ಪರದೆ ಇಲ್ಲ. ಮೊದಲು ನನ್ನ ಹೆಸರು ಹೇಳಿ ಆಮೇಲೆ ಹಾಡುತ್ತೇನೆ. ಈ ಸಲ ಗೋಡೆಯ ಕಡೆ ಮುಖ ಮಾಡುವುದಿಲ್ಲ.

ಭಾವನವರಿಗೆ ನಮಸ್ಕಾರ. ಕೂಸಿಗೆ ಅದರ ಚಿಕ್ಕವ್ವನ ಮುದ್ದು. ನೂರು ವರ್ಷ ಬಾಳಲಿ, ತನ್ನ ದನಿಯಲ್ಲೇ ಅಳಲಿ, ನಗಲಿ.

ಇತಿ ನಿನ್ನ ತಂಗಿ,
ಸುವರ್ಣಾ

ತಾ.ಕ.: ಸಿಂದಗಿಯಿಂದ ಬಂದ ಮೇಲೆ ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದೆ. “ಸಾರಿಕಾಳ ಕ್ಯಾಸೆಟ್ ಹಚ್ಚಿದರೇ ಕೂಸು ಮಲಗುತ್ತದೆ, ನೀನೂ ಅವಳ ಹಾಗೆ ಹಾಡುವುದನ್ನು ಕಲಿಯಬೇಕಿತ್ತು” ಎಂದು ಬರೆದಿದ್ದೀಯ. ಸಣ್ಣವರಿದ್ದಾಗ ನಾವಿಬ್ಬರೂ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದೆವು. ನಾನು ಹಾಡಿನ ಸಾಲಿನ ತುದಿಯನ್ನು ಮೆಲ್ಲಗೆ ಬಿಡುತ್ತಿದ್ದೆ, ನೀನು ಎತ್ತಿಕೊಳ್ಳುತ್ತಿದ್ದೆ. ಆ ರೂಢಿ ನನಗೆ ಇನ್ನೂ ಹೋಗಿಲ್ಲ. ಆ ಕ್ಯಾಸೆಟ್ಟಿನಲ್ಲೂ ಸಾಲುಸಾಲಿಗೆ ನಿನಗೆಂದು ತುದಿ ಬಿಟ್ಟಿದ್ದೇನೆ. ದಿನಾ ಕೇಳುತ್ತೀಯಲ್ಲ ಅಕ್ಕ, ಒಮ್ಮೆಯೂ ಆ ತುದಿ ನಿನ್ನ ಬಾಯಿಗೆ ಬರಲಿಲ್ಲವೇ?